ಕೊಸರು ಕೊಡುವ ಮೊದಲು ಲೆಕ್ಕ ಹಾಕಿ

ಸಂಪಾದಕರಿಗೆ,

ಮಾನ್ಯರೇ,

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲಿನ ಅಂಗಡಿ ಸಾಲಿನಲ್ಲಿ ನಡೆದು ಹೋದರೆ ‘ಶೇ 50 ರಿಯಾಯಿತಿ’, ‘ಒಂದು ಕೊಂಡರೆ ಒಂದು ಉಚಿತ’ ಎಂಬ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಹಬ್ಬ ಹತ್ತಿರ ಬಂದಾಗ ‘ಲಕ್ಕಿ ಡ್ರಾ’ ಬೋರ್ಡೂ ಜೊತೆಯಾಗುತ್ತದೆ. ಇವೆಲ್ಲ ದಾರಿಯಲ್ಲಿ ಹೋಗುವವರನ್ನು ಒಂದು ಸಲ ಒಳಗೆ ಕರೆಯುವುದಕ್ಕೆ ಸರಿ. ಒಳಗೆ ಬಂದವರು ಮತ್ತೊಮ್ಮೆ ಬರಬೇಕು ಎಂಬುದಕ್ಕೆ ಅವುಗಳಲ್ಲಿ ಯಾವ ಏರ್ಪಾಡೂ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿದು ಪ್ರವಾಸಿಗರ ವಾಹನಗಳು ಕಡಿಮೆಯಾದ ಮೇಲೆ ಅಂಗಡಿ ನಡೆಯುವುದು ಮತ್ತೆ ಮತ್ತೆ ಬರುವ ಗಿರಾಕಿಗಳಿಂದಲೇ. ಹಾಗಿದ್ದೂ ರಿಯಾಯಿತಿಯೆಲ್ಲ ಒಮ್ಮೆ ಬಂದು ಹೋಗುವವರಿಗೆ, ವಾರವಾರ ಬರುವವರಿಗೆ ಏನೂ ಇಲ್ಲ. ಇದನ್ನು ಹೇಗೆ ತಿರುಗಿಸಬಹುದು, ತಿರುಗಿಸುವಾಗ ಎಲ್ಲಿ ಕೈ ಸುಟ್ಟುಕೊಳ್ಳಬಾರದು ಎಂಬುದನ್ನು ಲೆಕ್ಕದ ಸಮೇತ ಕೊಡಗು ಜಿಲ್ಲೆಯ ಸಣ್ಣ ವ್ಯಾಪಾರಿಗಳ ಮುಂದಿಡಲು ಈ ಪತ್ರ.

ಮರಳಿ ಬರುವ ಗಿರಾಕಿಗೆ ಸ್ವಲ್ಪ ಹೆಚ್ಚು ಕೊಡುವುದು ನಮಗೆ ಹೊಸದೇನಲ್ಲ. ಸಂತೆಯಲ್ಲಿ ಸೊಪ್ಪಿನ ಅಕ್ಕ ತೂಕ ಮುಗಿಸಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರೆ. ಹೂವಿನವರು ಮೊಳ ಅಳೆದಾದ ಮೇಲೆ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುತ್ತಾರೆ. ಕೊಸರಿನ ಗುಣಗಳನ್ನು ಗಮನಿಸಿ: ಅಳತೆ ಸರಿಯಾಗಿ ಮುಗಿದ ನಂತರ ಬರುತ್ತದೆ, ಕಣ್ಣೆದುರು ಬೀಳುತ್ತದೆ, ಅಲ್ಲೇ ಆಗಲೇ ಕೈಸೇರುತ್ತದೆ, ಕೊಡುವವರಿಗೆ ಅದರ ಬೆಲೆ ಹೆಚ್ಚಲ್ಲ. ಮುಂದೆ ಹೇಳುವ ಕಾರ್ಡು, ಚೀಟಿ, ಸ್ಟಿಕ್ಕರ್ ಯಾವುದೇ ಇರಲಿ, ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕೆಡುತ್ತದೆ. ಗಿರಾಕಿ ವಾರಕ್ಕೊಮ್ಮೆ ಮರಳಿ ಬರುವ ಪದ್ಧತಿಯಂತೂ ಸೋಮವಾರಪೇಟೆ, ಶನಿವಾರಸಂತೆ ಎಂಬ ನಮ್ಮ ಊರುಗಳ ಹೆಸರಿನಲ್ಲೇ ಇದೆ.

ಮೊದಲು ಮಾಡಬೇಕಾದದ್ದು ಗಿರಾಕಿ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಎಂದು ಬರೆದು ನೋಡುವುದು. ಮುಖ ಗುರುತಿರುವ 50 ಮಂದಿಯನ್ನು ಆರಿಸಿ, ಎರಡು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಅವರು ಬಂದ ತಾರೀಕು ಮತ್ತು ಬಿಲ್ಲಿನ ಮೊತ್ತ ಬರೆದರೆ ಸಾಕು. ಅಂದಾಜಿಗೂ ಬರಹಕ್ಕೂ ಬಹಳ ಅಂತರ ಇರುತ್ತದೆ. ಕಾಫಿಪುಡಿ ಅಂಗಡಿಯ ಉದಾಹರಣೆ ತೆಗೆದುಕೊಳ್ಳೋಣ. ನಾಲ್ಕು ಜನರ ಮನೆಯಲ್ಲಿ ಬೆಳಿಗ್ಗೆ ಫಿಲ್ಟರಿಗೆ 20 ಗ್ರಾಂ, ಸಂಜೆ 20 ಗ್ರಾಂ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ದಿನಕ್ಕೆ 40 ಗ್ರಾಂ. ಕಾಲು ಕಿಲೋ ಪುಡಿ ಆರು ದಿನ ಬರುತ್ತದೆ, ಅಂದರೆ ಸಂತೆಯಿಂದ ಸಂತೆಗೆ. ಅರ್ಧ ಕಿಲೋ ಹನ್ನೆರಡು ದಿನ. ಬೀಸಿದ ಪುಡಿ ಗಾಳಿಗೆ ತೆರೆದ ಮೇಲೆ ದಿನದಿಂದ ದಿನಕ್ಕೆ ಪರಿಮಳ ಕಳೆದುಕೊಳ್ಳುತ್ತದೆ. ನಮ್ಮ ಜಡಿಮಳೆಯ ತೇವದಲ್ಲಿ ಗಟ್ಟಿಯಾಗಿ ಮುಚ್ಚದ ಡಬ್ಬಿಯ ಪುಡಿ ಗಂಟು ಕಟ್ಟುವುದೂ ಉಂಟು. ಹಾಗಾಗಿ ‘2 ಕಿಲೋ ಕೊಂಡರೆ ರಿಯಾಯಿತಿ’ ಎನ್ನುವುದು ಕಾಫಿಪುಡಿಗೆ ತೀರ ಉಲ್ಟಾ ಯೋಜನೆ. ಗಿರಾಕಿ ತಿಂಗಳುಗಟ್ಟಲೆ ಅಂಗಡಿಯತ್ತ ಬರುವುದಿಲ್ಲ, ಕೊನೆಯ ಅರ್ಧ ಕಿಲೋ ಕುಡಿಯುವಾಗ ‘ಈ ಅಂಗಡಿ ಪುಡಿ ಮೊದಲಿನ ಹಾಗಿಲ್ಲ’ ಎನ್ನುತ್ತಾರೆ. ತಾಜಾ ಪುಡಿಯನ್ನು ಕಾಲು ಕಿಲೋದಂತೆ ವಾರವಾರ ಒಯ್ಯುವವರಿಗೆ ಕೊಸರು ಸಿಗುವಂತೆ ಮಾಡಿದರೆ ಗಿರಾಕಿಗೂ ಒಳ್ಳೆಯ ಕಾಫಿ, ಅಂಗಡಿಗೂ ವಾರಕ್ಕೊಂದು ಬಿಲ್ಲು.

ಎರಡನೆಯದು ಲಾಭದ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ‘ಹತ್ತು ಕೊಂಡರೆ ಒಂದು ಉಚಿತ’ ಎಂದರೆ ಗಿರಾಕಿಗೆ ಸಿಗುವುದು ಶೇ 9ರಷ್ಟು ರಿಯಾಯಿತಿ. ಕೇಳಲು ಸಣ್ಣದು. ಆದರೆ ವ್ಯಾಪಾರಿಯ ಕೈಯಿಂದ ಹೋಗುವುದು ಶೇ 9 ಅಲ್ಲ. ನೂರು ರೂಪಾಯಿಯ ವಸ್ತುವಿನಲ್ಲಿ 20 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಮಾರಿದರೆ 200 ಉಳಿತಾಯ. ಹನ್ನೊಂದನೆಯದನ್ನು ಸುಮ್ಮನೆ ಕೊಟ್ಟಾಗ ಅದರ ಅಸಲು 80 ಹೋಯಿತು, ಉಳಿದದ್ದು 120. ಉಳಿತಾಯದಲ್ಲಿ ನೂರಕ್ಕೆ 40 ಕರಗಿತು. ಸಕ್ಕರೆ, ಅಕ್ಕಿ, ಎಣ್ಣೆಯಂತೆ ನೂರಕ್ಕೆ 8 ಮಾತ್ರ ಉಳಿಯುವ ಸಾಮಾನಾದರೆ ಹತ್ತರಿಂದ ಬಂದದ್ದು 80, ಉಚಿತದ ಅಸಲು 92. ಹತ್ತು ಸಲ ದುಡಿದು ಹನ್ನೆರಡು ರೂಪಾಯಿ ಕೈಯಿಂದ ಹಾಕಿದಂತಾಯಿತು. ನೂರಕ್ಕೆ 35 ಉಳಿಯುವ ವಸ್ತುವಿನಲ್ಲಿ ಮಾತ್ರ 350ರಲ್ಲಿ 65 ಹೋಗಿ 285 ಉಳಿಯುತ್ತದೆ. ನಗರದ ಕಾಫಿ ಹೋಟೆಲಿನವರ ‘ಹತ್ತು ಕಪ್ಪಿಗೆ ಒಂದು ಕಪ್ಪು’ ನಡೆಯುತ್ತದೆ, ಏಕೆಂದರೆ ಒಂದು ಕಪ್ಪಿನ ಮಾರುಬೆಲೆಯಲ್ಲಿ ಹಾಲು, ಪುಡಿ, ಸಕ್ಕರೆಯ ಪಾಲು ಸಣ್ಣದು. ಅದನ್ನೇ ದಿನಸಿ ಅಂಗಡಿಗೆ ತಂದರೆ ಅಂಗಡಿ ಮುಳುಗುತ್ತದೆ.

ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಪದೇ ಪದೇ ಹಾರುವವರಿಗೆ ಮೈಲಿ ಲೆಕ್ಕದ ಯೋಜನೆ ಶುರು ಮಾಡಿದಾಗ ಅದು ಕೊಟ್ಟದ್ದು ಹೇಗೂ ಖಾಲಿ ಹೋಗಲಿದ್ದ ಸೀಟುಗಳನ್ನು. ಪ್ರಯಾಣಿಕರಿಗೆ ಸಾವಿರಾರು ರೂಪಾಯಿಯ ಬೆಲೆ, ಕಂಪನಿಗೆ ಬಹಳ ಕಡಿಮೆ ಖರ್ಚು. ನಮ್ಮಲ್ಲಿ ಅಂಥ ಖಾಲಿ ಸೀಟು ಯಾವುದು ಎಂದು ಪ್ರತಿಯೊಬ್ಬ ವ್ಯಾಪಾರಿಯೂ ತನ್ನನ್ನು ಕೇಳಿಕೊಳ್ಳಬೇಕು. ಹೋಂಸ್ಟೇಯವರಿಗೆ ಜುಲೈ ತಿಂಗಳ ಮಂಗಳವಾರದ ಕೋಣೆ. ಗಿರಣಿಯವರಿಗೆ ಬಿಡುವಿನ ಹೊತ್ತಿನಲ್ಲಿ ಒಂದು ಸಲ ಬೀಸಿಕೊಡುವ ಕೂಲಿ. ದರ್ಜಿಗೆ ಮದುವೆ ಇಲ್ಲದ ತಿಂಗಳಲ್ಲಿ ಒಂದು ಪ್ಯಾಂಟಿನ ಅಂಚು. ಸಾಮಾನು ಮಾರುವವರು ಕೊಸರಾಗಿ ಕೊಡಬೇಕಾದದ್ದು ತಾವೇ ಹುರಿದು ಬೀಸಿದ, ತಾವೇ ಮಾಡಿದ ವಸ್ತು. ಕಂಪನಿಯ ಪ್ಯಾಕೆಟ್ ಸರಕು ಬೇಡ.

ಇನ್ನು ಕಾರ್ಡು. ಗಿರಾಕಿ ಕೊಂಡಾಗಲೆಲ್ಲ ಅದಕ್ಕೆ ಒಂದು ತೂತು ಹೊಡೆಯುವುದು, ಗೊತ್ತುಮಾಡಿದಷ್ಟು ತೂತು ತುಂಬಿದಾಗ ಕೊಸರು ಕೊಡುವುದು. ಕಾಫಿಪುಡಿ ಅಂಗಡಿಯ ಸರಾಸರಿ ಬಿಲ್ಲು 240 ರೂಪಾಯಿ ಇದೆ ಎನ್ನೋಣ. ಒಂದು ತೂತಿಗೆ ಕನಿಷ್ಠ ಖರೀದಿ 300 ಇಡಿ. ಕಾಲು ಕಿಲೋ ಪುಡಿಯ ಜೊತೆ ಗಿರಾಕಿ ಸ್ವಲ್ಪ ಕಾಳುಮೆಣಸೋ ಬೆಲ್ಲವೋ ಸೇರಿಸಿದರೆ ಮುಟ್ಟುವಷ್ಟು ಎತ್ತರ. 500 ಇಟ್ಟರೆ ಯಾರೂ ಪ್ರಯತ್ನವನ್ನೇ ಮಾಡುವುದಿಲ್ಲ, 200 ಇಟ್ಟರೆ ಈಗಿನ ಬಿಲ್ಲಿಗೇ ಕೊಸರು ಹಂಚಿದಂತೆ. ಎಂಟು ತೂತಿಗೆ 100 ಗ್ರಾಂ ಪುಡಿ. ಮಾರುವ ಬೆಲೆ 80, ಅಸಲು 55 ಎಂದು ಹಿಡಿದರೆ, 2,400 ರೂಪಾಯಿ ವ್ಯಾಪಾರದಲ್ಲಿ ನೂರಕ್ಕೆ 22ರಂತೆ 528 ಉಳಿತಾಯ, ಅದರಲ್ಲಿ ಹೋಗುವುದು 55, ಅಂದರೆ ಹತ್ತರಲ್ಲಿ ಒಂದು ಪಾಲು. ಒಂದು ಬಿಲ್ಲಿನಲ್ಲಿ ಉಳಿಯುವುದು 66. ಎಂಟು ಸಲದಲ್ಲಿ ಒಂದೇ ಒಂದು ಸಲ ಕಾರ್ಡಿನ ನೆನಪಿಗೆ ಬೇರೆ ಅಂಗಡಿ ಬಿಟ್ಟು ಇಲ್ಲಿಗೆ ಬಂದರೂ ಕೊಸರಿನ ಖರ್ಚು ಹುಟ್ಟಿತು. ಯಾವ ಯೋಜನೆಯನ್ನೇ ಆಗಲಿ ಅಚ್ಚಿಗೆ ಕೊಡುವ ಮೊದಲು ಹೀಗೆ ಒಂದು ಪುಟದಲ್ಲಿ ಬರೆದು, ಎಷ್ಟು ಹೆಚ್ಚಿನ ಖರೀದಿಗೆ ಖರ್ಚು ಹುಟ್ಟುತ್ತದೆ ಎಂದು ನೋಡಬೇಕು. ಎಂಟರಲ್ಲಿ ನಾಲ್ಕು ಹೊಸ ಖರೀದಿ ಬೇಕಾಗುವಂತಿದ್ದರೆ ಅದನ್ನು ಕೈಬಿಡುವುದೇ ಒಳ್ಳೆಯದು.

ಎಂಟೇ ಏಕೆ? ವಾರಕ್ಕೊಮ್ಮೆ ಬರುವವರು ಎರಡು ತಿಂಗಳಲ್ಲಿ ಮುಗಿಸಬೇಕು. ಅದಕ್ಕಿಂತ ಉದ್ದವಾದರೆ ಕಾರ್ಡು ಅಡುಗೆಮನೆಯ ಡಬ್ಬಿಯ ಹಿಂದೆ ಬಿದ್ದು ಮರೆತುಹೋಗುತ್ತದೆ. ತಿಂಗಳಿಗೊಮ್ಮೆ ಸಾಮಾನು ಕಟ್ಟಿಸುವ ಮನೆಗಳಿಗೆ ಬಂದ ಸಲದ ಲೆಕ್ಕ ನಡೆಯುವುದಿಲ್ಲ. ಅವರಿಗೆ ಮೊತ್ತದ ಲೆಕ್ಕ ಇರಲಿ, ಮೂರು ತಿಂಗಳಲ್ಲಿ ಮುಗಿಯುವಂತೆ.

ಇಲ್ಲಿ ಒಂದು ಉಪಯುಕ್ತ ಅಧ್ಯಯನ ಇದೆ. ಅಮೆರಿಕದ ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೆಜ್ 2006ರಲ್ಲಿ ಪ್ರಕಟಿಸಿದ್ದು. ಕಾರು ತೊಳೆಯುವ ಅಂಗಡಿಯೊಂದರಲ್ಲಿ 300 ಕಾರ್ಡು ಹಂಚಿದರು. ಅರ್ಧದಷ್ಟು ಕಾರ್ಡಿನಲ್ಲಿ ಎಂಟು ಖಾಲಿ ಮನೆ. ಉಳಿದರ್ಧದಲ್ಲಿ ಹತ್ತು ಮನೆ, ಆದರೆ ಎರಡಕ್ಕೆ ಮೊದಲೇ ಠಸ್ಸೆ ಒತ್ತಿತ್ತು. ಎರಡರಲ್ಲೂ ತೊಳೆಸಬೇಕಾದದ್ದು ಎಂಟೇ ಸಲ. ಮೊದಲ ಬಗೆಯ ಕಾರ್ಡು ಪೂರ್ತಿ ಮಾಡಿದವರು ಶೇ 19, ಎರಡನೆಯದನ್ನು ಮಾಡಿದವರು ಶೇ 34. ಶುರುವಾದ ಕೆಲಸವನ್ನು ನಡುವೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ನಮ್ಮ ಕಾರ್ಡಿನಲ್ಲೂ ಹತ್ತು ಮನೆ ಅಚ್ಚು ಹಾಕಿಸಿ, ಕೊಡುವಾಗಲೇ ಗಿರಾಕಿಯ ಎದುರಿಗೆ ಎರಡು ತೂತು ಹೊಡೆದು ಕೊಡಿ. ‘ಮಳೆಗಾಲಕ್ಕೆಂದು ಎರಡು ಮೊದಲೇ ಹಾಕಿದ್ದೇವೆ, ಅಕ್ಕಾ’ ಎಂದು ಕಾರಣವನ್ನೂ ಹೇಳಿ. ಒಂದು ಪೈಸೆ ಹೆಚ್ಚಿನ ಖರ್ಚಿಲ್ಲ. ಅದೇ ವರ್ಷ ರಾನ್ ಕಿವೆಟ್ಜ್ ಮತ್ತು ಸಂಗಡಿಗರು ಕೊಲಂಬಿಯಾ ವಿಶ್ವವಿದ್ಯಾಲಯದ ಕಾಫಿ ಅಂಗಡಿಯ ಕಾರ್ಡುಗಳನ್ನು ನೋಡಿ ಇನ್ನೊಂದು ಸಂಗತಿ ತೋರಿಸಿದರು. ಉಚಿತ ಕಾಫಿ ಹತ್ತಿರವಾದಷ್ಟೂ ಜನ ಬೇಗ ಬೇಗ ಬರುತ್ತಾರೆ, ಅದು ಸಿಕ್ಕಿದ ಕೂಡಲೇ ಮತ್ತೆ ನಿಧಾನವಾಗುತ್ತಾರೆ. ವ್ಯಾಪಾರಿ ಎಚ್ಚರವಾಗಿರಬೇಕಾದದ್ದು ಈ ನಿಧಾನದ ಹೊತ್ತಿನಲ್ಲಿ. ತುಂಬಿದ ಕಾರ್ಡು ತೆಗೆದುಕೊಂಡು ಪುಡಿ ಕೊಡುವಾಗಲೇ ಹೊಸ ಕಾರ್ಡನ್ನು ಎರಡು ತೂತಿನೊಂದಿಗೆ ಕೈಗಿಡಬೇಕು. ‘ಮುಂದಿನ ಸಲ ಬಂದಾಗ ಕೊಡ್ತೇನೆ’ ಎಂದರೆ ಆ ಮುಂದಿನ ಸಲ ದೂರವಾಗುತ್ತದೆ.

ಕಾರ್ಡು ಕೊಡಗಿನ ಮಳೆಗೆ ತಕ್ಕಂತೆ ಇರಬೇಕು. ತೆಳು ಕಾಗದ ಕೊಡೆಯ ನೀರಿಗೇ ಮುದ್ದೆಯಾಗುತ್ತದೆ. ವಿಸಿಟಿಂಗ್ ಕಾರ್ಡಿನ ಅಳತೆಯ 300 ಜಿಎಸ್ಎಂ ದಪ್ಪದ ಕಾಗದ ಸಾಕು. ಠಸ್ಸೆಯ ಮಸಿ ಒದ್ದೆಯಲ್ಲಿ ಹರಡಿ ಆರೋ ಏಳೋ ಎಂಬ ಜಗಳಕ್ಕೆ ದಾರಿ. ಮೇಲೆ ಲ್ಯಾಮಿನೇಷನ್ ಹಾಕಿಸಿದರೆ ಮಸಿ ಹಿಡಿಯುವುದೇ ಇಲ್ಲ. ಆದ್ದರಿಂದ ಹಿಂದೆ ಬಸ್ ಕಂಡಕ್ಟರು ಟಿಕೆಟಿಗೆ ಹೊಡೆಯುತ್ತಿದ್ದಂಥ ಕೈ ಪಂಚು ಒಳ್ಳೆಯದು. ದುಂಡನೆಯ ತೂತಿನದು ಬೇಡ. ಆ ಪಂಚು ಎಲ್ಲ ಕಚೇರಿಯಲ್ಲೂ ಇದೆ. ನಕ್ಷತ್ರವೋ ಎಲೆಯೋ ಆಕಾರ ಇರುವುದನ್ನು ಕೊಂಡು, ರಾತ್ರಿ ಗಲ್ಲಾದಲ್ಲಿಟ್ಟು ಬೀಗ ಹಾಕಿ. ಮೊಬೈಲ್ ಆಪ್, ಕಂಪ್ಯೂಟರ್ ಪಾಯಿಂಟ್ ಎಂದು ಮಾರಲು ಬರುವವರಿಗೆ ಕೇಳಬೇಕಾದ ಒಂದೇ ಪ್ರಶ್ನೆ: ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟೂ ನೆಟ್‌ವರ್ಕೂ ಇಲ್ಲದಾಗ ಪಾಯಿಂಟ್ ಹೇಗೆ ಏರುತ್ತದೆ? ಯೋಜನೆ ಬೇಕಾದದ್ದೇ ಮಳೆಗಾಲಕ್ಕೆ. ಆ ಹೊತ್ತಿನಲ್ಲಿ ನಿಂತುಹೋಗುವುದನ್ನು ನಂಬುವುದು ಬೇಡ.

ಕೆಡುವುದು ಎಲ್ಲೆಲ್ಲಿ? ಮೊದಲನೆಯದಾಗಿ ‘ಪುಡಿ ಮುಗಿದಿದೆ, ನಾಳೆ ಬನ್ನಿ’ ಎಂಬ ಮಾತು. ತುಂಬಿದ ಕಾರ್ಡು ಹಿಡಿದು ಬಸ್ಸಿಳಿದು ಬಂದವರನ್ನು ಬರಿಗೈಲಿ ಕಳಿಸಿದರೆ ಎಂಟು ವಾರದ ಕೆಲಸ ಒಂದು ನಿಮಿಷದಲ್ಲಿ ಹಾಳು. ಕೊಸರಿನ ಪ್ಯಾಕುಗಳನ್ನು ಪ್ರತ್ಯೇಕ ಡಬ್ಬಿಯಲ್ಲಿ ಇಟ್ಟು, ಹತ್ತಕ್ಕಿಂತ ಕೆಳಗೆ ಇಳಿದಾಗಲೇ ಹೊಸದು ಕಟ್ಟಿಸಬೇಕು. ಆ ಪ್ಯಾಕಿಗೆ ಚಿಕೋರಿ ಹೆಚ್ಚು ಬೆರೆಸಿ ಖರ್ಚು ಉಳಿಸುವ ಯೋಚನೆ ಬರಲೇಬಾರದು. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಎಷ್ಟೆಷ್ಟು ಬೆರೆತಿದೆ ಎಂದು ಲೇಬಲ್ಲಿನಲ್ಲಿ ಇರಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಅದಕ್ಕಿಂತ ಹೆಚ್ಚಾಗಿ, ಕುಡಿಯುವ ಬಾಯಿಗೆ ಮೋಸ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಗಲ್ಲಾದ ಈಚೆ ಕಡೆಯದು. ಕೆಲಸದ ಹುಡುಗರು ಗೆಳೆಯರ ಕಾರ್ಡಿಗೆ ಸುಮ್ಮನೆ ತೂತು ಹೊಡೆಯುತ್ತಾರೆ ಎಂಬ ಅನುಮಾನದಲ್ಲೇ ಕೆಲವರು ಯೋಜನೆ ನಿಲ್ಲಿಸಿಬಿಡುತ್ತಾರೆ. ಪ್ರತಿ ಕಾರ್ಡಿಗೂ ಕ್ರಮಸಂಖ್ಯೆ ಇರಲಿ. ತೂತು ಹೊಡೆದಾಗ ಬಿಲ್ಲಿನ ಮೂಲೆಯಲ್ಲಿ ಆ ಸಂಖ್ಯೆ ಬರೆಯಲಿ. ರಾತ್ರಿ 300 ದಾಟಿದ ಬಿಲ್ಲು ಎಷ್ಟು, ಸಂಖ್ಯೆ ಬರೆದದ್ದು ಎಷ್ಟು ಎಂದು ಎಣಿಸಲು ಐದು ನಿಮಿಷ ಸಾಕು. ಯಾರನ್ನೂ ಅನುಮಾನಿಸಬೇಕಿಲ್ಲ, ಯಾರ ಮೇಲೂ ಕೂಗಾಡಬೇಕಿಲ್ಲ. ಒಂದೇ ದಿನ 600 ರೂಪಾಯಿಯ ಸಾಮಾನನ್ನು ಎರಡು ಬಿಲ್ಲು ಮಾಡಿಸಿ ಎರಡು ತೂತು ಕೇಳುವವರೂ ಇರುತ್ತಾರೆ. ‘ದಿನಕ್ಕೆ ಒಂದೇ’ ಎಂದು ಅವರೊಡನೆ ವಾದ ಮಾಡುವುದಕ್ಕಿಂತ, 300ಕ್ಕೆ ಒಂದರಂತೆ ನೀವೇ ಎರಡು ಹೊಡೆದುಕೊಡುವುದು ನ್ಯಾಯ, ಮರ್ಯಾದೆ ಕೂಡ.

ಲೆಕ್ಕದ ಪುಸ್ತಕದಲ್ಲಿ ಮರೆಯುವ ಸಂಗತಿ ಒಂದಿದೆ. ಹೊಡೆದ ಪ್ರತಿ ತೂತೂ ಅಂಗಡಿಯ ಮೇಲಿನ ಸಾಲ. ತಿಂಗಳ ಕೊನೆಯಲ್ಲಿ ಖರೀದಿಗೆ ಕೊಟ್ಟ ತೂತು 1,100, ತುಂಬಿ ಮರಳಿದ ಕಾರ್ಡು 60 ಎಂದಾದರೆ 480 ತೀರಿತು, 620 ಬಾಕಿ. ಒಂದು ತೂತಿಗೆ 55ರಲ್ಲಿ ಎಂಟನೇ ಒಂದು ಪಾಲು, ಸುಮಾರು 7 ರೂಪಾಯಿ. ಬಾಕಿ 4,340 ರೂಪಾಯಿ. ಇಷ್ಟನ್ನು ಬೇರೆ ಕವರಿನಲ್ಲಿ ತೆಗೆದಿಡಬೇಕು. ಕೆಲವು ಕಾರ್ಡು ಕಳೆದುಹೋಗುತ್ತವೆ, ಹಾಗಾಗಿ ಅಷ್ಟು ಬೇಕಾಗುವುದಿಲ್ಲ. ಆದರೆ ಗಿರಾಕಿ ಕಾರ್ಡು ಕಳೆದುಕೊಳ್ಳಲಿ ಎಂದು ಕಾಯುವ ವ್ಯಾಪಾರ ಬೇಡ. ಯೋಜನೆ ನಿಲ್ಲಿಸುವುದಾದರೆ 60 ದಿನ ಮೊದಲೇ ಬೋರ್ಡು ಹಾಕಿ, ಅರ್ಧ ತುಂಬಿದ ಕಾರ್ಡಿಗೂ ತೂತಿಗೆ ಏಳು ರೂಪಾಯಿಯಂತೆ ಬಿಲ್ಲಿನಲ್ಲಿ ಕಡಿತ ಕೊಡಬೇಕು. ನಡುವೆ 300 ಇದ್ದದ್ದನ್ನು 400 ಮಾಡುವುದು ತಪ್ಪು. ಬೆಲೆ ಏರಿದ್ದರೆ ಹೊಸ ಕಾರ್ಡಿನಿಂದ ಬದಲಾಯಿಸಿ, ಕೈಯಲ್ಲಿರುವ ಕಾರ್ಡಿನ ಮಾತು ಹಾಗೇ ನಡೆಯಲಿ.

ಮಳೆಗಾಲದ ಜೋಡಿ ತೂತಿನ ಬಗ್ಗೆ ಒಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ 300ಕ್ಕೆ ಎರಡು ತೂತು ಎಂದರೆ ಖರ್ಚೂ ಇಮ್ಮಡಿ. ಎಲ್ಲ ದಿನವೂ ಕೊಡಬೇಕಿಲ್ಲ. ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಆ ದಿನ ಜನ ಹೇಗೂ ಬರುತ್ತಾರೆ, ಅಂದು ಜೋಡಿ ತೂತು ಕೊಟ್ಟರೆ ಬರುವವರಿಗೇ ಹಣ ಹಂಚಿದಂತೆ. ಮಂಗಳವಾರ, ಬುಧವಾರ ಕೊಟ್ಟರೆ ಪೇಟೆಯಲ್ಲೇ ಇರುವವರು, ಕಚೇರಿ ಕೆಲಸಕ್ಕೆ ಬಂದುಹೋಗುವವರು ಆ ದಿನಕ್ಕೆ ಸರಿಯುತ್ತಾರೆ. ದೂರದ ಹಳ್ಳಿಯವರು ಸರಿಯುವುದಿಲ್ಲ, ಅವರಿಗೆ ಸಂತೆಯ ದಿನವೇ ಪೇಟೆಯ ದಿನ. ಅವರಿಗೆ ಅನ್ಯಾಯವಾಗದಂತೆ ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಒಂದು ಸಂತೆಗೆ ಮಾತ್ರ ಜೋಡಿ ತೂತು ಇಟ್ಟು, ಹಿಂದಿನ ವಾರವೇ ಹೇಳಿದರೆ ಸಾಕು. ಮಳೆಗಾಲದಲ್ಲಿ ಕಾರ್ಡಿನ ಅವಧಿ ಮುಗಿಯುವಂತೆ ಮಾತ್ರ ಎಂದೂ ಇಡಬೇಡಿ. ಗುಡ್ಡ ಕುಸಿದು ರಸ್ತೆ ಬಂದ್ ಆದವರಿಗೆ ‘ತಾರೀಕು ದಾಟಿತು’ ಎನ್ನುವುದು ಕಾರ್ಡು ಹರಿದು ಕೈಗೆ ಕೊಟ್ಟಂತೆ.

ಲೈನ್‌ಮನೆಗಳವರ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರ ವಿಷಯ ಯಾರೂ ಯೋಚಿಸುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಬಟವಾಡೆಯ ದಿನ ಸಣ್ಣ ಸಣ್ಣ ಬಿಲ್ಲಿನಲ್ಲಿ ಅಂಗಡಿ ತುಂಬುವವರು ಅವರು. 300ರ ಮಿತಿ ಅವರಿಗೆ ಎಟುಕದು, 150ಕ್ಕೆ ಒಂದು ತೂತಿನ ಬೇರೆ ಬಣ್ಣದ ಕಾರ್ಡು ಇರಲಿ, ಕೊಸರೂ ಅದಕ್ಕೆ ತಕ್ಕಷ್ಟು, 50 ಗ್ರಾಂ. ಅಸ್ಸಾಂ ಮೊದಲಾದ ಕಡೆಗಳಿಂದ ಕೊಯ್ಲಿಗೆ ಬಂದವರಿಗೆ ಕನ್ನಡ ಓದಲು ಬಾರದು. ಕಾರ್ಡಿನ ಮೇಲೆ ಹತ್ತು ಕಾಫಿಬೀಜದ ಚಿತ್ರ, ಕೊನೆಯಲ್ಲಿ ಪ್ಯಾಕಿನ ಚಿತ್ರ, 150 ಎಂಬ ಅಂಕಿ ಇದ್ದರೆ ಭಾಷೆ ಬೇಕಾಗುವುದಿಲ್ಲ. ಸಾಲದ ಪುಸ್ತಕದಲ್ಲಿ ಬರೆಸಿಕೊಂಡು ಒಯ್ಯುವವರಿಗೆ ತೂತು ಯಾವಾಗ ಎಂಬ ಪ್ರಶ್ನೆ ಬರುತ್ತದೆ. ಒಯ್ದ ದಿನ ಅಲ್ಲ, ತೀರಿಸಿದ ದಿನ. ಒಯ್ದ ದಿನವೇ ಕೊಟ್ಟರೆ ಕೊಸರಿನ ಆಸೆಗೆ ಬೇಡದ ಸಾಲ ಬೆಳೆಯುತ್ತದೆ, ಬಡವರ ಮನೆಗೆ ಅದು ಹೊರೆ. ಸಾಲ ತೀರದ ಕಾರಣಕ್ಕೆ ಒಂದೇ ಅಂಗಡಿಗೆ ಬರಬೇಕಾದವರನ್ನು ಖಾಯಂ ಗಿರಾಕಿ ಎಂದು ಎಣಿಸಿಕೊಳ್ಳುವುದೂ ತಪ್ಪು ಲೆಕ್ಕವೇ. ಬೇರೆಡೆ ಹೋಗುವ ದಾರಿ ಇದ್ದೂ ಬರುವವರು ಎಷ್ಟು ಮಂದಿ ಎಂದು ನೋಡಬೇಕು.

ಪ್ರವಾಸಿಗರಿಗೆ ತೂತಿನ ಕಾರ್ಡು ಕೊಡುವುದು ವ್ಯರ್ಥ. ಅವರು ಮತ್ತೆ ಬರುವುದು ಮುಂದಿನ ವರ್ಷ ಇರಬಹುದು, ಬಾರದೆಯೂ ಇರಬಹುದು. ಆದರೆ ಅವರು ಒಯ್ದ ಅರ್ಧ ಕಿಲೋ ಪುಡಿ ಮನೆಯಲ್ಲಿ ಮುಗಿಯುವುದು ಹನ್ನೆರಡು ದಿನಕ್ಕೆ. ಮರಳಿ ಬರಬೇಕಾದದ್ದು ಅವರ ಆರ್ಡರು. ಪ್ಯಾಕಿನೊಳಗೆ ಒಂದು ಚೀಟಿ ಹಾಕಿ: ಹುರಿದ ತಾರೀಕು, ಅಂಗಡಿಯ ಫೋನ್ ನಂಬರು, ಅಂಚೆ ಖರ್ಚು ಸೇರಿದ ಬೆಲೆ, ಮೊದಲ ಅಂಚೆ ಆರ್ಡರಿಗೆ 25 ಗ್ರಾಂ ಕಾಳುಮೆಣಸು ಕೊಸರು. ಅಂಚೆಯ ತೂಕದ ಲೆಕ್ಕ ತಿಳಿದಿರಲಿ. ಸ್ಪೀಡ್ ಪೋಸ್ಟ್ ದರ 500 ಗ್ರಾಂ ದಾಟಿದ ಕೂಡಲೇ ಮೇಲಿನ ಹಂತಕ್ಕೆ ಹೋಗುತ್ತದೆ. ಅರ್ಧ ಕಿಲೋ ಪುಡಿಗೆ ಕವರು, ರಟ್ಟು, ಟೇಪು ಸೇರಿದರೆ 500 ದಾಟಿಯೇ ದಾಟುತ್ತದೆ, ನೀವು ಒಂದು ಕಿಲೋದ ದರ ಕಟ್ಟುತ್ತೀರಿ. 200 ಗ್ರಾಂನ ಎರಡು ಪ್ಯಾಕಾದರೆ ಕೊಸರಿನ ಮೆಣಸೂ ಕವರೂ ಸೇರಿ 500ರೊಳಗೆ ನಿಲ್ಲುತ್ತದೆ. ನಾಲ್ಕಾದರೆ ಒಂದು ಕಿಲೋದೊಳಗೆ. ಜೇನು ಕಳಿಸುವವರು ಮುಚ್ಚಳದ ಸುತ್ತ ಟೇಪು ಸುತ್ತಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕದಿದ್ದರೆ ಒಂದು ಸೋರಿಕೆ ಹತ್ತು ಪಾರ್ಸೆಲ್ಲಿನ ಲಾಭ ನುಂಗುತ್ತದೆ.

ನೆನಪಿಸಲು ವಾಟ್ಸ್ಆಪ್ ಸಾಕು, ಆದರೆ ಗ್ರೂಪು ಮಾಡಬೇಡಿ. ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಗೆ ಒಟ್ಟಿಗೆ ಕಳಿಸಬಹುದು. ಅದು ತಲುಪುವುದು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ಚೀಟಿಯಲ್ಲೇ ‘ಈ ನಂಬರು ಸೇವ್ ಮಾಡಿಕೊಳ್ಳಿ’ ಎಂದು ಅಚ್ಚು ಹಾಕಿಸಿ. ಸಂದೇಶ ಪುಡಿ ಮುಗಿಯುವ ಎರಡು ಮೂರು ದಿನ ಮೊದಲು ಹೋಗಲಿ. ದಿನಾ ಬೆಳಿಗ್ಗೆ ಹೂವಿನ ಚಿತ್ರದೊಂದಿಗೆ ಶುಭೋದಯ ಕಳಿಸಿದರೆ ವಾರದೊಳಗೆ ಬ್ಲಾಕ್ ಆಗುತ್ತೀರಿ. ಹೋಂಸ್ಟೇಯವರಿಗೂ ಇದೇ ದಾರಿ: ಬುಕಿಂಗ್ ತಾಣದ ಮೂಲಕ ಬಂದ ಅತಿಥಿ ಎರಡನೆಯ ಸಲ ನೇರ ಫೋನ್ ಮಾಡಿದರೆ ಉಳಿಯುವ ಕಮಿಷನ್ನಿನಲ್ಲಿ ಅರ್ಧ ಅವರಿಗೆ ಬಿಡಿ, ಅಥವಾ ಮಳೆಗಾಲದ ವಾರದ ದಿನಗಳಲ್ಲಿ ಎರಡು ರಾತ್ರಿಗೆ ಮೂರನೆಯದು ಸೇರಿಸಿ. ಡಿಸೆಂಬರ್ ಕೊನೆಯ ವಾರಕ್ಕೆ ಅದು ಇಲ್ಲ ಎಂಬುದನ್ನು ಮೊದಲೇ ಬರೆದು ಕೊಡಿ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಅದು ಸಣ್ಣದಲ್ಲ. ಬಿಲ್ಲಿಗೆ ಮೊಬೈಲ್ ನಂಬರು ಕೊಡಲೇಬೇಕು ಎಂದು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿದೆ. ಕಾಗದದ ಕಾರ್ಡಿಗೆ ನಂಬರೇ ಬೇಡ, ಇದೂ ಅದರ ಒಂದು ಗುಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಂ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿ ಕೊಡುತ್ತದೆ. ಬೆಲೆಯಲ್ಲೇ ಸೇರಿಸಿ ‘ಉಚಿತ’ ಎನ್ನುವುದು ಅದರಲ್ಲಿದೆ. ಮಾರಾಟ ಹೆಚ್ಚಿಸಲು ಲಾಟರಿ, ಅದೃಷ್ಟದಾಟ ನಡೆಸುವುದು, ಯೋಜನೆಯ ಫಲಿತಾಂಶ ಮುಚ್ಚಿಡುವುದು, ಗಿರಾಕಿ ನಂಬಿ ಕೊಟ್ಟ ಮಾಹಿತಿಯನ್ನು ಬೇರೆಯವರಿಗೆ ಕೊಡುವುದೂ ಇವೆ. ಹಬ್ಬದ ಲಕ್ಕಿ ಡ್ರಾ ಇಡುವವರು ಇದನ್ನೊಮ್ಮೆ ಓದಬೇಕು. ವ್ಯಾಪಾರದ ದೃಷ್ಟಿಯಿಂದಲೂ ಅದು ಮಂಕು ಯೋಜನೆ. ಒಬ್ಬರಿಗೆ ಸ್ಕೂಟರ್ ಸಿಗುತ್ತದೆ, ಉಳಿದ ಸಾವಿರ ಮಂದಿಗೆ ಮತ್ತೆ ಬರಲು ಯಾವ ಕಾರಣವೂ ಇರುವುದಿಲ್ಲ.

ಜಿಎಸ್‌ಟಿ ನೋಂದಣಿ ಇರುವವರು ಕೊಸರನ್ನು ಬಿಲ್ಲಿಲ್ಲದ ಉಡುಗೊರೆಯಾಗಿ ಕೊಟ್ಟರೆ ಜಿಎಸ್‌ಟಿ ಕಾಯ್ದೆಯ 17(5) ಕಲಮಿನಂತೆ ಅದರ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆಯುವುದು) ಸಿಗುವುದಿಲ್ಲ. ತುಂಬಿದ ಕಾರ್ಡು ತಂದ ದಿನದ ಬಿಲ್ಲಿನಲ್ಲೇ ಆ ಪ್ಯಾಕನ್ನೂ ಸೇರಿಸಿ, ಒಟ್ಟು ಮೊತ್ತದ ಮೇಲೆ 80 ರೂಪಾಯಿ ರಿಯಾಯಿತಿ ಎಂದು ತೋರಿಸುವುದು ಸರಿಯಾದ ಕ್ರಮ. ಬಿಲ್ಲಿನಲ್ಲಿ ನಮೂದಾದ ರಿಯಾಯಿತಿಗೆ ತೆರಿಗೆ ಬೀಳದು ಎಂದು ಅದೇ ಕಾಯ್ದೆಯ 15(3) ಕಲಂ ಹೇಳುತ್ತದೆ. ಒಂದು ಕೊಂಡರೆ ಒಂದು ಉಚಿತ ಎಂಬುದನ್ನು ಒಂದೇ ಬೆಲೆಗೆ ಮಾರಿದ ಎರಡು ವಸ್ತು ಎಂದೇ ಪರಿಗಣಿಸಬೇಕೆಂದು 2019ರ ಮಾರ್ಚ್ 7ರ ಸುತ್ತೋಲೆ ಸ್ಪಷ್ಟಪಡಿಸಿದೆ. ರಾಜಿ ತೆರಿಗೆಯವರಿಗೆ (ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ) ಹೂಡುವಳಿ ಜಮೆಯೇ ಇಲ್ಲ, ಆದರೂ ದಾಸ್ತಾನು ಲೆಕ್ಕಕ್ಕೆ ಬಿಲ್ಲಿನಲ್ಲಿ ಇರಲಿ.

ಕೊನೆಯದಾಗಿ ಊರೂರಿನ ವರ್ತಕರ ಸಂಘಗಳಿಗೆ ಒಂದು ಸಲಹೆ. ನಾಪೋಕ್ಲು, ಸಿದ್ದಾಪುರ, ಶನಿವಾರಸಂತೆಯಂಥ ಊರುಗಳಲ್ಲಿ ಪ್ರತಿ ಅಂಗಡಿಯೂ ಒಂದೊಂದು ಕಾರ್ಡು ಕೊಟ್ಟರೆ ಗಿರಾಕಿಯ ಚೀಲದಲ್ಲಿ ಹನ್ನೆರಡು ಕಾರ್ಡು ಸೇರಿ ಯಾವುದೂ ತುಂಬುವುದಿಲ್ಲ. ಅಮೆರಿಕದಲ್ಲಿ 1896ರಲ್ಲೇ ಸ್ಪೆರಿ ಅಂಡ್ ಹಚಿನ್ಸನ್ ಕಂಪನಿ ಅಂಗಡಿಗಳಿಗೆ ಹಸಿರು ಸ್ಟಾಂಪು ಮಾರಿ, ಗಿರಾಕಿಗಳು ಪುಸ್ತಕಕ್ಕೆ ಅಂಟಿಸಿ ತಂದಾಗ ಸಾಮಾನು ಕೊಡುವ ಪದ್ಧತಿ ತಂದಿತ್ತು. ಅದನ್ನು ಸಂಘವೇ ಮಾಡಬಹುದು. ಸಂಘ ಕ್ರಮಸಂಖ್ಯೆ ಇರುವ ಸ್ಟಿಕ್ಕರ್ ಅಚ್ಚು ಹಾಕಿಸಿ ಅಂಗಡಿಗಳಿಗೆ ಒಂದಕ್ಕೆ 5 ರೂಪಾಯಿಯಂತೆ ಮಾರಲಿ. ಅಂಗಡಿಯವರು 250 ರೂಪಾಯಿ ಖರೀದಿಗೆ ಒಂದು ಕೊಡಲಿ, ಅಂದರೆ ನೂರಕ್ಕೆ ಎರಡು. ಗಿರಾಕಿ ದಿನಸಿ, ಬಟ್ಟೆ ಹೀಗೆ ಔಷಧಿ ಅಂಗಡಿ ಬಿಟ್ಟು ಉಳಿದೆಲ್ಲ ಅಂಗಡಿಯದೂ ಸೇರಿಸಿ 20 ಅಂಟಿಸಿದ ಕಾರ್ಡನ್ನು ಸದಸ್ಯರ ಯಾವ ಅಂಗಡಿಗೆ ತಂದರೂ 80 ರೂಪಾಯಿ ಕಡಿತ. ಆ ಅಂಗಡಿಯವರು ಕಾರ್ಡನ್ನು ಸಂಘಕ್ಕೆ ಕೊಟ್ಟು 80 ಪಡೆಯಲಿ. ಸಂಘಕ್ಕೆ ಬಂದದ್ದು 100, ಕೊಟ್ಟದ್ದು 80, ಉಳಿದ 20 ಅಚ್ಚಿಗೂ ಲೆಕ್ಕಕ್ಕೂ. ದಿನಸಿಯವರಿಗೆ ನೂರಕ್ಕೆ ಎರಡೂ ಭಾರ ಎನಿಸಿದರೆ ಅವರು 500ಕ್ಕೆ ಒಂದು ಕೊಡಲಿ.

ಇದು ಕೆಡುವುದು ಹಣದಲ್ಲಿ. ಸ್ಟಿಕ್ಕರ್ ಮಾರಿದ ದುಡ್ಡು ಸಂಘದ ದುಡ್ಡಲ್ಲ, ಗಿರಾಕಿಗಳದು. ಅದನ್ನು ಬೇರೆ ಬ್ಯಾಂಕ್ ಖಾತೆಯಲ್ಲಿಟ್ಟು, ಇಬ್ಬರ ಸಹಿಯಿಲ್ಲದೆ ತೆಗೆಯದಂತೆ ಮಾಡಿ, ಮಾರಿದ್ದೆಷ್ಟು, ಮರಳಿದ್ದೆಷ್ಟು, ಖಾತೆಯಲ್ಲಿ ಎಷ್ಟಿದೆ ಎಂದು ಪ್ರತಿ ತಿಂಗಳು ಸೂಚನಾ ಫಲಕದಲ್ಲಿ ಹಾಕಬೇಕು. ಮರಳಿದ ಕಾರ್ಡಿಗೆ ಅಲ್ಲೇ ಅಡ್ಡಗೆರೆ ಎಳೆದು ಮೂಲೆ ಕತ್ತರಿಸಬೇಕು, ಇಲ್ಲವಾದರೆ ಒಂದೇ ಕಾರ್ಡು ಎರಡು ಸಲ ಓಡಾಡುತ್ತದೆ. ಮೊದಲ ವರ್ಷ 15–20 ಅಂಗಡಿಗಳಿಗೆ ಸೀಮಿತವಾಗಿರಲಿ. ಮಳೆಗೆ ಮೊದಲೇ ಶುರುವಾಗಬೇಕಾದರೆ ಏಪ್ರಿಲ್‌ನಲ್ಲಿ ಸಭೆ, ಮೇ ಮೊದಲ ವಾರ ಅಚ್ಚು, ಮೇ ಕೊನೆಯ ಸಂತೆಗೆ ಗಿರಾಕಿಗಳ ಕೈಗೆ ಮೊದಲ ಎರಡು ಸ್ಟಿಕ್ಕರ್ ಅಂಟಿಸಿದ ಕಾರ್ಡು. ಹಾಗೆ ಮಾಡಿದರೆ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದ ಖರೀದಿಯ ಹೊತ್ತಿಗೆ ಮೊದಲ ಕಾರ್ಡುಗಳು ತುಂಬಿ ಮರಳತೊಡಗುತ್ತವೆ.

ಇಂತಿ,
ಚಿಲ್ಲರೆ ವ್ಯಾಪಾರಿಗಳ ಲೆಕ್ಕಪತ್ರ ಬರೆಯುವವರು
ಮಡಿಕೇರಿ